ಏಳನೆಯ ಸಾಲು

ಪಟ್ಟಿಯ ಏಳನೆಯ ಸಾಲು:
ಹೆಸರು ಹಿಡಿದು ಕರೆಯಿರಿ, ಮೂರು ಸಲ,
ನಡುವೆ ಬಿಡುವು ಕೊಟ್ಟು.
ಮಗು ತಿರುಗಿ ನೋಡಿತೆ?

ಅರ್ವೈಖೇರ್ ಆಸ್ಪತ್ರೆ, ಎರಡನೆಯ ಮಹಡಿ.
ಕಿಟಕಿಯ ಗಾಜಿಗೆ ಒಳಗಿನಿಂದಲೇ ಹಿಮ ಕಟ್ಟಿದೆ.
ತಿಂಗಳಿಗೊಮ್ಮೆ ಬರುವ ಡಾಕ್ಟರು ನಾನು,
ರಾಜಧಾನಿಯಿಂದ ಏಳು ಗಂಟೆಯ ಬಸ್ಸು,
ತೊಡೆಯ ಮೇಲೆ ಪರೀಕ್ಷೆಯ ಪೆಟ್ಟಿಗೆ.

'ಎನೆಬಿಶ್' ಎಂದೆ.
ಹುಡುಗ ಹೀಟರಿನ ಕೊಳವೆಗೆ ಕಿವಿಯಾನಿಸಿ ನಿಂತಿದ್ದ.
ಒಳಗೆ ನೀರು ಗುಳುಗುಳು ಏನೋ ಹೇಳುತ್ತಿತ್ತು.
'ಎನೆಬಿಶ್.'
ನೀರಿನ ಮಾತು ಇನ್ನೂ ಮುಗಿದಿರಲಿಲ್ಲ.
ಮೂರನೆಯ ಸಲಕ್ಕೆ ತಿರುಗಿದ್ದು ಅವನ ಅಜ್ಜಿ.

ಆ ಹೆಸರಿನ ಅರ್ಥ: ಇವನಲ್ಲ.
ಇವನಿಗಿಂತ ಮೊದಲಿನ ಎರಡು ಕೂಸು ಉಳಿಯಲಿಲ್ಲ.
ಸಾವು ಬಂದು ಬಾಗಿಲಲ್ಲಿ ವಿಚಾರಿಸಿದರೆ
ಇವನಲ್ಲ, ಇವನಲ್ಲ ಎಂದು ಸಾಗಹಾಕಲು
ಹಿರಿಯನೊಬ್ಬ ಕಿವಿಯಲ್ಲಿ ಮೂರು ಸಲ ಉಸುರಿದ್ದು.
ಅಂಥ ಹೆಸರಿಗೆ ಓಗೊಡದವನಿಗೆ
ನಾನು ಎರಡು ಅಂಕ ಹಾಕಿದೆ.
ನಮ್ಮ ಪಟ್ಟಿಯಲ್ಲಿ ಅಂಕ ಏರಿದಷ್ಟೂ ಕಷ್ಟ,
ಶಾಲೆಯ ಲೆಕ್ಕ ಇಲ್ಲಿ ತಲೆಕೆಳಗು.

ಪೆಟ್ಟಿಗೆಯಲ್ಲಿ ಹಳದಿ ಕೂದಲ ಗೊಂಬೆ,
ಪ್ಲಾಸ್ಟಿಕ್ ಕೇಕು, ನಾಲ್ಕು ಮೇಣದ ಬತ್ತಿ.
ಬಾ, ಗೊಂಬೆಯ ಹುಟ್ಟುಹಬ್ಬ ಮಾಡೋಣ ಎಂದೆ.
ಅವನು ಕೇಕನ್ನು ಮಗುಚಿ ಗರಗರ ತಿರುಗಿಸಿದ.
ಖಾಂಡ್ ಅಜ್ಜಿ ಅಂದಳು:
'ಇದಕ್ಕೆಂಥ ಹುಟ್ಟುಹಬ್ಬ? ನಮ್ಮಲ್ಲಿ ಎಲ್ಲರಿಗೂ
ಒಂದೇ ದಿನ ವಯಸ್ಸಾಗುತ್ತದೆ, ಬಿಳಿ ತಿಂಗಳ ಹಬ್ಬಕ್ಕೆ,
ಕುರಿಗಳೂ ಸೇರಿ.'
ಆ ಸಾಲನ್ನು ಖಾಲಿ ಬಿಟ್ಟೆ.
ಖಾಲಿ ಬಿಡಬಾರದು ಎಂದಿದೆ ಕೈಪಿಡಿ.

ಆದರೂ ಎಲ್ಲವನ್ನೂ ಪೆಟ್ಟಿಗೆಯ ತಲೆಗೆ ಕಟ್ಟಲಾಗದು.
ಬೇಕಾದ್ದನ್ನು ಬೊಟ್ಟು ಮಾಡಿ ತೋರುವುದಿಲ್ಲ,
ತಾಯಿಯ ಮಣಿಕಟ್ಟು ಹಿಡಿದು ಒಯ್ಯುತ್ತಾನೆ,
ಅವಳ ಕೈ ಒಂದು ಇಕ್ಕಳ ಎಂಬಂತೆ.
ಮುಂಗೈ ಕಚ್ಚಿ ಕಚ್ಚಿ ಚರ್ಮ ಗಂಟುಗಟ್ಟಿದೆ.
ಎರಡನೆಯ ವರ್ಷಕ್ಕಿದ್ದ ಐದು ಮಾತು ಮೂರಕ್ಕೆ ಇಲ್ಲ.
ನಾಯಿ ಬೊಗಳಿದರೆ ಅಲುಗದವನು
ಚಹಾ ಸೋಸುವ ಸದ್ದಿಗೆ ಗುಡಾರ ಬಿಟ್ಟು ಓಡುತ್ತಾನೆ,
ಮೈನಸ್ ಮೂವತ್ತರಲ್ಲಿ, ಬರಿಗಾಲಲ್ಲಿ.

ಇದಕ್ಕೊಂದು ಹೆಸರಿದೆ ಎಂದೆ. ಹೇಳಿದೆ.
ತಂದೆ ಯೊಂದೋನ್, ಉಗುರಿನಲ್ಲಿ ಲಾರಿಯ ಗ್ರೀಸು,
ತುಂಬ ಹೊತ್ತು ಸುಮ್ಮನಿದ್ದು ಕೇಳಿದ:
'ಇದನ್ನೂ ಕಿವಿಯಲ್ಲಿ ಹೇಳಬೇಕೆ?'
ಅವನ ಕಿವಿಯಲ್ಲಲ್ಲ, ಶಾಲೆಯ ಕಿವಿಯಲ್ಲಿ, ನೆಂಟರ ಕಿವಿಯಲ್ಲಿ
ಎಂದೆನೋ, ಎನ್ನಬೇಕಿತ್ತೋ,
ಈಗ ನೆನಪಿಲ್ಲ.

ತಾಯಿ, ಮಾತ್ರೆ ಬರೆದುಕೊಡಿ ಎಂದಳು.
ಮಾತಿಗೆ ಮಾತ್ರೆಯಿಲ್ಲ.
ಅಷ್ಟು ದೂರದಿಂದ ಬಂದವಳ ಕೈಗೆ
ಹನ್ನೊಂದು ರಟ್ಟಿನ ಚೀಟಿ ಕೊಟ್ಟು ಕಳಿಸುವುದೂ ವೈದ್ಯವೆ?
ನೀರು. ಒಣಮೊಸರಿನ ಚೂರು. ಹೊರಗೆ. ನೋವು. ಕುದುರೆ. ಸಾಕು.
ಚಿತ್ರ ಬರೆದದ್ದು ನನ್ನ ತಂಗಿ,
ಅವಳ ಕುದುರೆ ಮೇಕೆಯಂತಿದೆ.
ಅವನು ಚೀಟಿ ಕೊಟ್ಟರೆ ನೀವು ಅದನ್ನು ಕೊಡಿ,
ಪ್ರತಿ ಸಲವೂ, ಆಗಲೇ.
ಸಾಕು ಎಂದರೆ ನಿಲ್ಲಿಸಿ,
ನಿಮಗೆ ಸಾಕಾಗಿರದಿದ್ದರೂ.

ಏಪ್ರಿಲ್. ಧೂಳುಗಾಳಿ.
ಚೀಟಿಗಳ ಮೂಲೆ ಸವೆದಿವೆ, ಕುರಿಕೊಬ್ಬಿನ ವಾಸನೆ.
'ಹೊರಗೆ' ಕಳೆದುಹೋಯಿತಂತೆ, ಅಜ್ಜಿ ಬೇರೆ ಮಾಡಿದ್ದಾಳೆ:
ಒಂದು ತುಂಡು ರಟ್ಟು, ಗುಡಾರದ ಬಾಗಿಲಿಗೆ ಬಳಿದು ಉಳಿದ
ಕಿತ್ತಳೆ ಬಣ್ಣ, ಅಷ್ಟೇ.
ನನ್ನ ತಂಗಿಯ ಚಿತ್ರಕ್ಕಿಂತ ಚೆನ್ನಾಗಿದೆ.
ಕಚ್ಚುವುದು ನಿಂತಿಲ್ಲ.
ಕಡಿಮೆ, ಎಂದಳು ತಾಯಿ, ಗಾಳಿಯಿಲ್ಲದ ದಿನ.

ಮತ್ತೆ ಏಳನೆಯ ಸಾಲು.
'ಎನೆಬಿಶ್.'
ಅದೇ ಕೊಳವೆ, ಅದೇ ಕಿವಿ.
'ಎನೆಬಿಶ್.'
ಮೂರನೆಯದು ನನ್ನ ಬಾಯಲ್ಲಿರುವಾಗಲೇ
ಬಂದ, ಮುಖ ಗೋಡೆಯ ಕಡೆಗೆ,
ನನ್ನ ಬೆರಳು ಒಂದೊಂದಾಗಿ ಬಿಡಿಸಿ
ಅಂಗೈಯಲ್ಲಿ ಒಂದು ಚೀಟಿ ಇಟ್ಟು ಹೋದ.
ಸಾಕು.

ಪಟ್ಟಿಯಲ್ಲಿರುವುದು ಸೊನ್ನೆ, ಒಂದು, ಎರಡು.
ಪೆನ್ನು ಹಿಡಿದು ಕೂತೆ.
ಖಾಂಡ್ ಅಜ್ಜಿ ಬಾಯಿಗೆ ತೋಳು ಅಡ್ಡ ಹಿಡಿದು
ನಗುತ್ತಿದ್ದಳು.
ಬಸ್ಸಿಗೆ ಇನ್ನೂ ನಲವತ್ತು ನಿಮಿಷ ಇತ್ತು.