ಘಟಸರ್ಪದ ಬಾಯಿ

ಸಿಡಿಲು ಪಡುವಣ ತಲೆಯನ್ನೇ ಆರಿಸಿತು.
ಎಂಟು ನೂರು ವರ್ಷ ಚರ್ಚಿನ ಮಾಡಿನಿಂದ
ಫಿಯೋರ್ಡಿನ ಕಡೆ ಬಾಯ್ತೆರೆದಿದ್ದ ಘಟಸರ್ಪ
ಬೆಳಗಾಗುವಾಗ ಮೋಟು ಕತ್ತು.
ಶಿಲುಬೆಯ ಆಚೆಗೆ ಮೂಡಣದ್ದು ಒಂಟಿ.

ಅಪ್ಪ ಆಸ್ಮುಂಡ್, ಚರ್ಚಿನ ಹಲಗೆಗಳಿಗೆ
ಮೂರು ಬೇಸಿಗೆಗೊಮ್ಮೆ ಕೀಲೆಣ್ಣೆ ಬಳಿಯುವವನು,
ಯಾರ ಅಪ್ಪಣೆಗೂ ಕಾಯದೆ
ಕೊಟ್ಟಿಗೆಯಲ್ಲಿ ಪೈನಿನ ದಿಮ್ಮಿ ಕೆತ್ತತೊಡಗಿದ.
ನಾನು ದೀಪ ಹಿಡಿದೆ, ಅವನು ಕತೆ ಹಿಡಿದ:
ಕೆಳಗಿನ ನೀರಲ್ಲಿ ಊರು ನುಂಗುವ ಸರ್ಪವಿತ್ತಂತೆ,
ಯಾವನೋ ಬಡಗಿ ಅದಕ್ಕೊಂದು ಕೆಲಸ ಕೊಟ್ಟನಂತೆ:
ಗಾಳಿ ನುಂಗು, ಹಿಮ ನುಂಗು,
ಒಳಗೆ ಹಾಡುವವರನ್ನು ಬಿಡು.
ಅಂದಿನಿಂದ ಹೊರಗೆ ಮುಖ ಮಾಡಿ ಕೂತಿದೆ,
ಹಸಿದುಕೊಂಡೇ.

ಎಯ್‌ವಿಂಡ್ ಪಾದ್ರಿ ಕರಾವಳಿಯಿಂದ ಹೊಸದಾಗಿ ಬಂದವರು.
'ಹಳೆಯದು ಅಜ್ಜಂದಿರದು, ಇರಲಿ.
ಹೊಸದು ಕೆತ್ತಿದರೆ ಅದು ನಮ್ಮದಾಗುತ್ತದೆ, ಆಸ್ಮುಂಡ್.'
ದಡ್ಡ ಮಾತಲ್ಲ ಅದು.
ಅಪ್ಪ ಉಳಿ ಮಸೆದ.

ಆ ಚಳಿಗಾಲ ದೃಢೀಕರಣದ ಪಾಠದಲ್ಲಿ ಅವರು
ಹತ್ತರಲ್ಲಿ ಒಂದು ನಾಣ್ಯ ಕಳಕೊಂಡವಳ ಮಾತೆತ್ತಿದರು.
ದೀಪ ಹಚ್ಚಿದಳು, ಮನೆಯೆಲ್ಲ ಗುಡಿಸಿದಳು.
'ಅವಳ ಹೆಸರೇನು?'
'ಹೆಸರಿಲ್ಲ.'
'ಊರು?'
'ಊರೂ ಇಲ್ಲ, ಗುನ್‌ವೊರ್. ಅಂಥ ಹೆಂಗಸೇ ಇರಲಿಲ್ಲ.
ಅದು ಸಾಮತಿ.'
'ಮತ್ತೆ ಗುಡಿಸಿದ್ದು ಯಾರು?'
ಹುಡುಗರು ನಕ್ಕರು.
ಪಾದ್ರಿ ನಗಲಿಲ್ಲ. ಸೀಮೆಸುಣ್ಣ ಹಿಡಿದು
ಕಿಟಕಿಯ ಕಡೆ ನಿಂತೇ ಇದ್ದರು,
ಒಲೆಯಲ್ಲಿ ಸೌದೆ ಕುಸಿದು ಬೀಳುವ ತನಕ.

ಸಭೆಯಲ್ಲಿ ಐದಕ್ಕೆ ನಾಲ್ಕು ಮತ ಬಿದ್ದು ತಲೆ ಗೆದ್ದಿತು.
ಐದರಲ್ಲೊಬ್ಬ ನನ್ನ ಸೋದರಮಾವ, ಕುಡಿದಿದ್ದ.
ಮೇ ತಿಂಗಳಲ್ಲಿ ಹಗ್ಗ ಕಟ್ಟಿ ಏರಿಸಿದೆವು,
ಮೈಗೆಲ್ಲ ಕೀಲೆಣ್ಣೆ ಬಳಿದು.
ಅದು ಒಣಗಲು ಇಡೀ ಬೇಸಿಗೆ ಬೇಕು.

ಜೂನಿನ ಇರುಳಿಲ್ಲದ ಇರುಳೊಂದರಲ್ಲಿ
ಹುಲ್ಲಟ್ಟದ ಕಿಂಡಿಯಿಂದ ನೋಡಿದೆ:
ಎತ್ತರವೆಂದರೆ ಬೆವರುವ ಎಯ್‌ವಿಂಡ್ ಪಾದ್ರಿ
ಅಪ್ಪನ ಏಣಿ ಹತ್ತುತ್ತಿದ್ದಾರೆ,
ಒಂದೊಂದು ಮೆಟ್ಟಿಲಿಗೂ ತುಟಿ ಅಲ್ಲಾಡುತ್ತಿದೆ.
ಮೇಲೆ ತುಂಬ ಹೊತ್ತು ಕೂತರು.
ಆಮೇಲೆ ತೋಳು ಚಾಚಿ
ಘಟಸರ್ಪದ ಬಾಯೊಳಗೆ ಕೈಯಿಟ್ಟರು,
ಮಣಿಕಟ್ಟಿನವರೆಗೆ.
ಏನೋ ಒಂದು ಪುರ್ರನೆ ಹಾರಿತು.

ಮರುದಿನ ನಾನೂ ಹತ್ತಿದೆ.
ನಾಲಿಗೆಯ ಹಿಂದೆ ಪಾಚಿ, ಕುದುರೆಕೂದಲು,
ಸಿಪಿಲೆ ಹಕ್ಕಿಯ ಐದು ಮೊಟ್ಟೆ.
ಒಂದರ ಮೇಲೆ
ಕಪ್ಪಗೆ ಬೆರಳಚ್ಚು.

ಭಾನುವಾರದ ಬೋಧನೆ ಎಂದಿನದೇ, ಉದ್ದ:
ಕೋಪದ ಬಗ್ಗೆ, ಸ್ವಲ್ಪ ಸಾಲದ ಬಗ್ಗೆ.
ಸರ್ಪದ ಸುದ್ದಿಯಿಲ್ಲ, ಹಕ್ಕಿಯ ಸುದ್ದಿಯಿಲ್ಲ.
ಮೊಣಕಾಲೂರಿ ಬಾಯ್ತೆರೆದೆ.
ರೊಟ್ಟಿಯ ತುಣುಕು ನಾಲಿಗೆಗೆ ತಾಗಿದಾಗ
ಪೈನಿನ ಹೊಗೆಯ ವಾಸನೆ.
ಉಜ್ಜಿ ಉಜ್ಜಿ ತೊಳೆದು ಕೆಂಪಾದ ಬೆರಳು,
ಉಗುರಿನ ಸುತ್ತ ಕಪ್ಪು.
ನಮ್ಮಿಬ್ಬರ ಕಣ್ಣು ಕೂಡಿದವು.
ನಾನು ನುಂಗಿದೆ.