ಎಂಟುನೂರು ಗುಣಿಸು ಆರುನೂರು

ಹಾಪ್ಸಲುವಿನಲ್ಲಿ ಕಡಲು ಹೆಪ್ಪುಗಟ್ಟಿದ ವಾರ
ಹಿಲ್ಯಾಳ ಪರದೆ ಅಡ್ಡಡ್ಡ ಹಿಗ್ಗಿತು.
ಶಾಲಿನ ನಕ್ಷೆಯ ಚೌಕಗಳೆಲ್ಲ ಇಟ್ಟಿಗೆ,
ಗಂಟೆಹೂ ಚಪ್ಪಟೆ, ಯಾರೋ ಮೇಲೆ ಕೂತೆದ್ದ ಹಾಗೆ.

ಲಿನಕ್ಸ್ ಬಲ್ಲವನೆಂದು ನನ್ನ ಕರೆದಳು.
ಹಳೇ ಡ್ರೈವರ್ ಕಿತ್ತೆ, ಹೊಸದು ಹಾಕಿದೆ, ರೀಬೂಟ್.
ಕಪ್ಪು.
ಮೂಲೆಯಲ್ಲಿ ಮಿಟುಕುವ ಗೆರೆಯೂ ಇಲ್ಲ.

ಬೆವರುತ್ತ ಕುರುಡಾಗಿ ಒತ್ತಿದೆ:
ಪಾಸ್‌ವರ್ಡ್, ಬಾಯಿಪಾಠದ ಮೂರು ಕಮಾಂಡ್.
ಪಕ್ಕದಲ್ಲಿ ಅವಳ ಹೆಣಿಗೆ ಕಡ್ಡಿ ನಿಂತೇ ಇಲ್ಲ,
ಕಣ್ಣು ಕಿಟಕಿಯಾಚೆ.

"ನಕ್ಷೆ ಬೇಡವೇ?"
"ಹೂವನ್ನು ಯಾರು ನೋಡುತ್ತಾರೆ? ಎಣಿಸುವುದಷ್ಟೆ.
ಏಳು ಕುಣಿಕೆ, ಒಂದು ಗಂಟು, ಏಳು..."

ಪರದೆ ಬೆಳಗಿತು. ಚೌಕ ಚೌಕವಾಯಿತು.
ಕನ್ನಡಕ ಏರಿಸಿ ಇಣುಕಿದಳು,
ಮಡಿಲಿನ ಶಾಲು ನೋಡಿದಳು, ಮತ್ತೆ ಪರದೆ.
"ಥೂ, ನಿನ್ನೆಯಿಂದಲೇ ತಪ್ಪಿದೆ."

ಬಿಚ್ಚತೊಡಗಿದಳು. ನೂಲಿನ ತುದಿ ಕೈಗಿಟ್ಟು
"ಹಿಡಿ" ಎಂದಳು.
ಉಂಡೆ ಸುತ್ತುತ್ತ ಕೂತೆ.