ಬುಟ್ಟಿ ಬಿಟ್ಟು ಹೋಗಿ

ತಾರ್ತು ಊರಿನ ಸಾರುಪೇಟೆಯಲ್ಲಿ
ಬೀದಿಗಳಿಗೆ ಬಟಾಣಿ, ಹುರುಳಿ, ಆಲೂಗಡ್ಡೆ ಅಂತ ಹೆಸರು.
ಸೇಬು ಮಾತ್ರ ಬೀದಿಗೇ ಬಿದ್ದಿರುತ್ತದೆ.
ಸೆಪ್ಟೆಂಬರಿನಲ್ಲಿ ಇಲ್ಲಿ ಯಾರೂ ಕೊಳ್ಳುವುದಿಲ್ಲ.
ಗೇಟಿನ ಹೊರಗೆ ಬಕೆಟ್ಟು, ಹಿಡಿ ಮುರಿದ ಸೂಟ್‌ಕೇಸು, ಮಗುವಿನ ತೊಟ್ಟಿಲು,
ಸಿಕ್ಕಿದ್ದರಲ್ಲಿ ತುಂಬಿಡುತ್ತೇವೆ. ನನ್ನದರ ಮೇಲೊಂದು ರಟ್ಟು:
ತಗೊಂಡು ಹೋಗಿ.
ಬುಟ್ಟಿ ಬಿಟ್ಟು ಹೋಗಿ.

ಎದುರುಮನೆಗೆ ಹೊಸದಾಗಿ ಬಂದ ಹುಡುಗ, ತಾವಿ,
ಅಂಗಡಿಯ ಸೇಬೊಂದನ್ನು ಹಿಡಿದು ನಿಂತಿದ್ದ.
ಮೇಣ ಬಳಿದ ಕೆಂಪು; ನನ್ನ ಗೇಟು ಅದರಲ್ಲಿ ಕಾಣುತ್ತಿತ್ತು.
"ಇದನ್ನೇ ಹಾಕಿ ಕೇಕು ಮಾಡಿದೆ. ಗಂಜಿಯಾಯಿತು."
ಆಗದೆ ಇನ್ನೇನು?
ಅದು ಫೋಟೋಗೆ ನಿಲ್ಲುವ ಹಣ್ಣು, ಒಲೆಗೆ ನಿಲ್ಲುವುದಲ್ಲ.
ಬಾ ಒಳಗೆ. ಹುಲ್ಲು ಒದ್ದೆ, ನೋಡಿಕೊಂಡು.

ಈ ಬರಿಮರ ವಲ್ಗೆ ಕ್ಲಾರ್, ಆಗಸ್ಟಿಗೇ ಮುಗಿಯಿತು.
ಬೆಳಗ್ಗೆ ಕಾಯಿ, ಮಧ್ಯಾಹ್ನ ಹಣ್ಣು, ಸಂಜೆಗೆ ಹತ್ತಿ.
ಬಿದ್ದ ಸದ್ದಿಗೆ ಓಡಿಬಂದು
ಅಂಗಿಗೆ ಒರೆಸಿ ನಿಂತಲ್ಲೇ ಕಚ್ಚಬೇಕು.
ನಾಳೆಗೆ ಅಂತ ಎತ್ತಿಟ್ಟವರು
ಇದನ್ನು ತಿಂದೇ ಇಲ್ಲ ಅನ್ನು.

ಇದು ಅಂತೊನೊವ್ಕಾ. ಹಸಿಯಾಗಿ ಕಚ್ಚಿದರೆ
ದವಡೆಯ ಮೂಲೆ ಜುಂ ಅನ್ನುತ್ತದೆ, ಒಂದು ಕಣ್ಣು ತಾನೇ ಮುಚ್ಚುತ್ತದೆ.
ಮೊರಬ್ಬಕ್ಕೆ ಇದನ್ನು ಮೀರಿಸಿದ್ದಿಲ್ಲ.
ಸಿಪ್ಪೆ, ಬೀಜ ಎಸೆಯಬೇಡ.
ಬಟ್ಟೆಯಲ್ಲಿ ಗಂಟು ಕಟ್ಟಿ ಪಾಕಕ್ಕೆ ಇಳಿಬಿಡು;
ಅಂಟೆಲ್ಲ ಅಲ್ಲೇ ಅಡಗಿರುವುದು.

ಹುಡುಗ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದ.
ಬರೆಯಬೇಡ, ಮೂಸು, ಅಂದೆ.
ಮೂಸಿದ. ತುಸು ಹೊತ್ತು ಬಿಟ್ಟು,
"ಅಜ್ಜಿಯ ಬೀರು," ಅಂದ.
ಪರವಾಗಿಲ್ಲ, ಕಲಿಯುತ್ತಾನೆ.

ಬಾವಿಯ ಪಕ್ಕದ್ದು ತಲ್ವೆನಾವ್ದಿಂಗ್,
ಚಳಿಗಾಲದ ಸುಖ ಅಂತ ಹೆಸರಿನ ಅರ್ಥ.
ಈಗ ಕಚ್ಚಿದರೆ ದಂತವೈದ್ಯನಿಗೆ ಸುಖ.
ಒಂದೊಂದನ್ನೂ ಹಳೇ ಪತ್ರಿಕೆಯಲ್ಲಿ ಸುತ್ತಿ
ನೆಲಮಾಳಿಗೆಯಲ್ಲಿಟ್ಟು ಮರೆತುಬಿಡು.
ಫೆಬ್ರವರಿಯಲ್ಲಿ, ಹಿಮ ಕಿಟಕಿಯ ಮಟ್ಟ ಮುಟ್ಟಿದಾಗ,
ಯಾವುದೋ ಮಂತ್ರಿಯ ಮುಖವನ್ನು ಬಿಚ್ಚು,
ಒಳಗೆ ಅದು ಕಾದಿರುತ್ತದೆ.

"ಅಲ್ಲಿರುವುದು?" ಕೊಟ್ಟಿಗೆಯ ಕಡೆ ಕೈ ತೋರಿಸಿದ.

ಅದಕ್ಕೆ ಹೆಸರಿಲ್ಲ.
ಉಲ್ಲಾರ್ ಕಸಿ ಕಟ್ಟಿದ್ದು. ಕುಲ್ಡ್‌ರೆನೆಟ್, ಬಂಗಾರದ ಜಾತಿ,
ಅಂತ ಎಷ್ಟು ಆಣೆ ಹಾಕಿದ.
ಐದನೇ ವರ್ಷ ಕಾಯಿ ಬಿಟ್ಟಾಗ ಬಂಗಾರವೂ ಇಲ್ಲ, ರುಚಿಯೂ ಇಲ್ಲ.
ಆರನೇ ವರ್ಷ ಅವನು ಪ್ಯಾರ್ನುವಿಗೆ ಹೋದ, ಸಮುದ್ರ ನೋಡಿಬರುತ್ತೇನೆಂದು.
ನೋಡುತ್ತಲೇ ಇದ್ದಾನೆ, ಅವಳ ಜೊತೆ.
ಮರ ಕಡಿಸಬೇಕೆಂದಿದ್ದೆ.
ಆ ವರ್ಷವೇ ಹಿಮ ಬಿದ್ದು ಅಂತೊನೊವ್ಕಾ ಹೂವೆಲ್ಲ ಕರಿಗಟ್ಟಿತು,
ಬೇರೆ ಗತಿಯಿಲ್ಲದೆ ಇದನ್ನೇ ಹೆಚ್ಚಿ ಕೇಕಿನ ಮೇಲೆ ಸಾಲಾಗಿ ಜೋಡಿಸಿದೆ.
ಒಂದು ಹೋಳೂ ಕರಗಲಿಲ್ಲ.
ಬೆಣ್ಣೆ ಕುಡಿದು, ಅಂಚು ಕಂದಿ, ಇಟ್ಟಲ್ಲೇ ಕೂತಿತ್ತು.
ನಿನಗೆ ಬೇಕಾದದ್ದು ಇದೇ. ಆದರೆ ಹಸಿಯಾಗಿ ತಿನ್ನಬೇಡ, ಅನ್ನುವಷ್ಟರಲ್ಲಿ

ಕಚಕ್ ಅಂತ ಕಚ್ಚಿಬಿಟ್ಟಿದ್ದ.
ಅಗಿದ. ಮತ್ತೆ ಅಗಿದ.
"ಇದೇ ಎಲ್ಲಕ್ಕಿಂತ ಚೆನ್ನಾಗಿದೆ," ಅಂದ.
ಈಗಿನ ಮಕ್ಕಳ ನಾಲಿಗೆ.

ಸಂಜೆ ಕೊಟ್ಟಿಗೆಗೆ ಹೋಗಿ ಒಂದು ಕಿತ್ತೆ,
ಹದಿನಾಲ್ಕು ವರ್ಷದ ಮೇಲೆ.
ಚೆನ್ನಾಗೇನೂ ಇಲ್ಲ.
ಖಾತ್ರಿ ಮಾಡಿಕೊಳ್ಳಲು ಇನ್ನೊಂದು ತಿಂದೆ.
ಗೇಟು ಹಾಕಲು ಬಂದರೆ ರಟ್ಟು ಹುಲ್ಲಿನಲ್ಲಿ ಬಿದ್ದಿದೆ,
ಬುಟ್ಟಿಯನ್ನೂ ಒಯ್ದಿದ್ದಾನೆ.